ನಾನು ಕಲಿಸಿದ ಪ್ರಾಣಾಯಾಮ

ಮೊದಲ ಸಲ ಅವಳು ನಿಂತದ್ದು ಮೆಟ್ಟಿಲ ಮೇಲೆ. ಕೆಳಗಿನ ನಲ್ಲಿಯಿಂದ ನೀರು ಹಿಡಿದುಕೊಂಡು ಬರುತ್ತಿದ್ದವಳು ಮೊದಲ ಮಹಡಿಯ ತಿರುವಿನಲ್ಲಿ ಬಿಂದಿಗೆ ಇಳಿಸಿ, ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟಳು. ನಾನು ಆಫೀಸಿಗೆ ಹೊರಟು ಮೇಲಿನಿಂದ ಇಳಿಯುತ್ತಿದ್ದೆ. "ದಾರೀಲಿ ನಿಂತು ಏನು ಯೋಚನೆ? ಹುಳಿಗೆ ಬೇಳೆ ಹಾಕೋದೋ ಬೇಡವೋ ಅಂತಲೋ?" ಎಂದು ಹೆಂಡತಿಯ ಮೇಲೆ ರೇಗಿದೆ. ಪದ್ಮಾ ಉತ್ತರ ಕೊಡಲಿಲ್ಲ. ಉತ್ತರ ಕೊಡುವಷ್ಟು ಉಸಿರು ಅವಳಲ್ಲಿ ಇರಲಿಲ್ಲ.

ಎದೆಯೊಳಗಿಂದ ಸಿಳ್ಳೆಯಂಥ ಸಣ್ಣ ಸದ್ದೊಂದು ಬರುತ್ತಿತ್ತು.

ಇದು ಆರು ವರ್ಷದ ಹಿಂದಿನ ಮಾತು. ನಾವು ಮೈಸೂರಿನ ಕಡೆಯವರು, ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ಇಲ್ಲಿನ ಫೋರ್ಟ್ ಕಡೆ ಒಂದು ಇನ್ಷೂರೆನ್ಸ್ ಆಫೀಸಿನಲ್ಲಿ ನನಗೆ ಗುಮಾಸ್ತೆ ಕೆಲಸ. ಮನೆ ಪರೇಲಿನ ಚಾಳಿನಲ್ಲಿ, ಎರಡನೇ ಮಹಡಿ: ಒಂದು ಖೋಲಿ, ಅದರ ಹಿಂದೆ ಒಂದು ಅಡುಗೆಮನೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಕಿಟಕಿ ತೆರೆದರೆ ಗಿರಣಿಯ ಚಿಮಣಿ. ಮಗಳು ನಳಿನಿಗೆ ಆಗ ಇನ್ನೂ ಎರಡು ತುಂಬಿರಲಿಲ್ಲ.

ಡಾಕ್ಟರ್ ಪೈ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅವರು ಮಂಗಳೂರಿನವರು. ನಮ್ಮ ಬೀದಿಯ ಮೂಲೆಯಲ್ಲಿ ಅವರ ದವಾಖಾನೆ. "ಆಸ್ತಮಾ ಮಾರಾಯ್ರೆ. ಹೆದರ್ಬೇಡಿ. ಆದ್ರೆ ಇದು ಬಂದು ಹೋಗುವ ನೆಂಟ ಅಲ್ಲ, ಇಲ್ಲೇ ಉಳಿಯುವವ," ಎಂದರು. ಎಫೆಡ್ರಿನ್ ಮಾತ್ರೆ ಬರೆದುಕೊಟ್ಟರು. ಜೋರಾದರೆ ಅಡ್ರಿನಲಿನ್ ಇಂಜೆಕ್ಷನ್ ಎಂದರು. ನಾನು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ನಂಬುವ ಜಾತಿಯವನು ನಾನು.

ಕಾಯಿಲೆ ಹತೋಟಿಗೆ ಬರಲಿಲ್ಲ. ನಾವೇ ಅದರ ಹತೋಟಿಗೆ ಹೋದೆವು.

ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಗಾಳಿಯಿಲ್ಲ. ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಚಳಿಗಾಲದಲ್ಲಿ ಬೆಳಗಿನ ಮಂಜು, ಬೇಸಗೆಯಲ್ಲಿ ಧೂಳು. ಮದುವೆ ಮುಂಜಿಗೆ ಹೋಗುವುದು ನಿಂತಿತು. ಎರಡು ಹಗಲು ರೈಲಿನಲ್ಲಿ ಕೂರಲಾಗದು ಎಂದು ಮೈಸೂರಿಗೆ ಹೋಗುವುದು ನಿಂತಿತು. ಆಮೇಲೆ ನೀರು ತರಲು ಕೆಳಗಿಳಿಯುವುದೂ ನಿಂತಿತು. ಕಡೆಗೆ ಅವಳ ಪ್ರಪಂಚ ಖೋಲಿಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಅಡುಗೆಮನೆಯಿಂದ ಖೋಲಿಗೆ ಹನ್ನೊಂದು ಹೆಜ್ಜೆ. ಅವಳು ಒಳಗೆ ಸಿಕ್ಕಿಬಿದ್ದಳು. ನಾನು ಹೊರಗೆ ಟ್ರಾಮಿನಲ್ಲಿ, ಆಫೀಸಿನಲ್ಲಿ ಓಡಾಡುತ್ತಿದ್ದರೂ ಅವಳಷ್ಟೇ ಸಿಕ್ಕಿಬಿದ್ದಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ: ಕೆಲವು ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಮತ್ತು ನಾನು ಸದಾ ಕೇಳಿಸಿಕೊಳ್ಳುತ್ತಿದ್ದೆ.

ಪೇಪರ್ ಓದುವ ನೆಪದಲ್ಲಿ ಅವಳ ಉಸಿರು ಎಣಿಸುತ್ತಿದ್ದೆ. ಊಟ ಮಾಡುತ್ತ, ಶೇವ್ ಮಾಡಿಕೊಳ್ಳುತ್ತ, ನಳಿನಿಗೆ ಅಕ್ಷರ ತಿದ್ದಿಸುತ್ತ ಎಣಿಸುತ್ತಿದ್ದೆ. ಸಿಳ್ಳೆ ಶುರುವಾಯಿತೇ, ಇಲ್ಲವೇ? ಸರಿಯಾಗಿ ಕೇಳಿಸಲೆಂದು ರೇಡಿಯೋ ಆರಿಸಿದೆ. ನಳಿನಿ ಜೋರಾಗಿ ನಕ್ಕರೆ "ಶ್!" ಎನ್ನುತ್ತಿದ್ದೆ. ಮಗು ಬೆಳೆದಂತೆ ಪಿಸುಗುಟ್ಟುವುದನ್ನು ಕಲಿತಳು. ಗೊಂಬೆಗೂ ಅವಳು ಪಿಸುಮಾತಿನಲ್ಲೇ ಲಾಲಿ ಹೇಳುತ್ತಿದ್ದಳು. ಇದನ್ನೆಲ್ಲ ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಹೌದು. ಅದರಿಂದ ಆದದ್ದೇನು ಎನ್ನುವುದು ಆಮೇಲಿನ ಕಥೆ.

ಹೋದ ವರ್ಷ ಮಳೆ ಮುಗಿದ ಮೇಲೆ ಡಾಕ್ಟರ್ ಪೈ ಒಂದು ದಿನ ಮನೆಗೆ ಬಂದು ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತ ಹೇಳಿದರು. "ವಿಲೆ ಪಾರ್ಲೆಯಲ್ಲಿ ಒಬ್ಬರು ಬಾಪಟ್ ಮಾಸ್ತರ್ ಅಂತ ಇದ್ದಾರೆ. ಶಾಲೆಯಲ್ಲಿ ಡ್ರಿಲ್ ಮಾಸ್ತರ್ ಆಗಿದ್ದವ್ರು. ಈಗ ಯೋಗಾಸನ, ಉಸಿರಾಟ ಎಲ್ಲ ಹೇಳಿಕೊಡ್ತಾರೆ. ನನ್ನ ಇಬ್ಬರು ಪೇಷಂಟಿಗೆ ಸ್ವಲ್ಪ ಗುಣ ಕಂಡಿದೆ. ಮಾತ್ರೆ ಬಿಡ್ಬಾರ್ದು ಆಯ್ತಾ? ಮಾತ್ರೆಯ ಜೊತೆಗೆ ಇದು."

"ಇವಳು ಎರಡು ಮಹಡಿ ಇಳಿಯೋ ಹಾಗಿಲ್ವಲ್ಲ ಡಾಕ್ಟ್ರೇ."

"ಮತ್ತೆ ನೀವು ಹೋಗಿ ಕೇಳಿ."

ಹೀಗೆ ನಲವತ್ತೊಂದನೆಯ ವಯಸ್ಸಿನಲ್ಲಿ, ಯಾವ ಕಾಯಿಲೆಯೂ ಇಲ್ಲದ ನಾನು ಯೋಗಾಸನದ ಕ್ಲಾಸಿಗೆ ಹೊರಟೆ. ನಾನು ಶಾಲೆಯಲ್ಲಿ ಡ್ರಿಲ್ ಪಿರಿಯಡ್ಡಿಗೆ ತಲೆನೋವಿನ ಚೀಟಿ ತರುತ್ತಿದ್ದವನು. ಗೂಟದ ಮೇಲಿನ ಕೋಟು ತೆಗೆಯಲು ಕೂಡ ಸ್ಟೂಲ್ ಹತ್ತದೆ ಪದ್ಮಾಳನ್ನು ಕರೆಯುತ್ತಿದ್ದವನು. ಬೆಳಗಿನ ಲೋಕಲ್ ಹಿಡಿದು ದಾದರ್‌ನಲ್ಲಿ ಬದಲಾಯಿಸಿ ವಿಲೆ ಪಾರ್ಲೆಯಲ್ಲಿ ಇಳಿದಾಗ, ಯಾರಾದರೂ ಕ್ಲಾಸು ಇವತ್ತು ರಜ ಎಂದರೆ ಸಾಕು ಎಂದು ಪ್ರಾರ್ಥಿಸುತ್ತಿದ್ದೆ.

ರಜ ಇರಲಿಲ್ಲ. ಒಂದು ಶಾಲೆಯ ಹಾಲಿನಲ್ಲಿ ಹದಿನೈದು ಇಪ್ಪತ್ತು ಗಂಡಸರು ಖಾಕಿ ಚಡ್ಡಿಯಲ್ಲಿ, ಬರಿಮೈಯಲ್ಲಿ ಸಾಲಾಗಿ ಕೂತಿದ್ದರು. ನಾನು ಕಚ್ಚೆಪಂಚೆ, ಮೇಲೆ ಬನಿಯನ್, ಅದರ ಮೇಲೆ ಶರ್ಟು. ಬಾಪಟ್ ಮಾಸ್ತರು ಒಣಕಲು ದೇಹದ ಅರವತ್ತೈದರ ಮನುಷ್ಯ. ಕೊರಳಲ್ಲಿ ಇನ್ನೂ ಶಾಲೆಯ ಸೀಟಿ.

"ಬೀಮಾರ್ ಕೌನ್? ಆಪ್?" ಎಂದರು.

ನನ್ನ ಹಿಂದಿ ಆಫೀಸಿನ ಜವಾನನಿಂದ ಕಲಿತದ್ದು. ಅದರಲ್ಲೇ ಹೆಂಡತಿಯ ವಿಷಯ ಹೇಳಿದೆ. ಕಾಯಿಲೆ ಒಬ್ಬರಿಗೆ, ಪಾಠ ಇನ್ನೊಬ್ಬರಿಗೆ ಎನ್ನುವುದು ಅವರಿಗೆ ಹಿಡಿಸಲಿಲ್ಲ. ಬಹಳ ಹೊತ್ತು ತಲೆ ಅಲ್ಲಾಡಿಸಿದರು. ಕಡೆಗೆ ಒಂದು ತಿಂಗಳು ಬನ್ನಿ ಎಂದರು. ನೀವು ಮಾಡಿ, ನಿಮ್ಮ ಮೈಗೆ ತಿಳಿಯಲಿ. ನಾನು ಹೇಳುವವರೆಗೆ ಅವರಿಗೆ ಏನನ್ನೂ ಹೇಳಿಕೊಡಕೂಡದು. "ಕುಛ್ ಭೀ ನಹೀಂ. ಸಮಝೆ?" ಸಮಝೆ, ಎಂದೆ.

ಆ ಮೊದಲ ದಿನಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗಬೇಕು. ನನ್ನ ಕೈ ಮೊಣಕಾಲಿನವರೆಗೆ ಹೋಗಿ ಅಲ್ಲೇ ಬಿಡಾರ ಹೂಡಿತು. ಪಕ್ಕದ ಎಪ್ಪತ್ತರ ಮುದುಕರು ಹಣೆಯನ್ನು ಮಂಡಿಗೆ ಮುಟ್ಟಿಸಿಕೊಂಡು, ಅಲ್ಲಿಂದಲೇ ನನ್ನ ಊರು, ಕೆಲಸ ಎಲ್ಲ ವಿಚಾರಿಸಿದರು. ಒಂಟಿಕಾಲಲ್ಲಿ ನಿಲ್ಲಲು ಹೋಗಿ ಅವರ ಮೇಲೆಯೇ ಬಿದ್ದೆ. ಅವರು ನಕ್ಕರು, ಎಲ್ಲರೂ ನಕ್ಕರು. ಎಂಟನೇ ದಿನವೂ ನಾನು ಬಾಗಿಲ ಬಳಿಯ ಜಾಗವನ್ನೇ ಹುಡುಕಿ ಕೂರುತ್ತಿದ್ದೆ.

ಹತ್ತನೇ ದಿನ ಉಸಿರಿನ ಪಾಠ. ಆ ದಿನ ಮಾತ್ರ ನಾನು ಎದೆಯುಬ್ಬಿಸಿ ಕೂತೆ. ಎಂಟನೇ ವಯಸ್ಸಿಗೆ ಜನಿವಾರ ಹಾಕಿಸಿಕೊಂಡವನು ನಾನು. ಅಂದಿನಿಂದ ದಿನವೂ ಸಂಧ್ಯಾವಂದನೆ, ಮೂಗು ಹಿಡಿದು ಪ್ರಾಣಾಯಾಮ. ನಮ್ಮ ತಂದೆ ಎದುರಿಗೆ ಕೂತು, ಮಂತ್ರ ಮುಗಿಯುವವರೆಗೆ ಮೂಗಿನಿಂದ ಬೆರಳು ತೆಗೆದರೆ ಗದರುತ್ತಿದ್ದರು. ಒಂದೇ ಉಸಿರಿನಲ್ಲಿ ಮೂರು ಸಲ ಮಂತ್ರ ಮುಗಿಸುತ್ತೇನೆಂದು ಅಣ್ಣತಮ್ಮಂದಿರಲ್ಲಿ ನನಗೇ ಹೆಸರು. ಪ್ರಾಣಾಯಾಮವೆಂದರೆ ಉಸಿರು ಹಿಡಿಯುವುದು. ಹೆಚ್ಚು ಹಿಡಿದವನು ಗಟ್ಟಿಗ. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮಾಸ್ತರು ಹೇಳಿಕೊಟ್ಟದ್ದು ಬೇರೆ. ಗೋಡೆಗೆ ಒರಗಿ ಕೂರುವುದು, ಭುಜ ಸಡಿಲ ಬಿಡುವುದು, ಬಾಯಿ ಸ್ವಲ್ಪ ತೆರೆದು ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದು. ಅಷ್ಟೇ. ಹಿಡಿಯುವುದು ಇಲ್ಲ, ಎಣಿಸುವುದು ಇಲ್ಲ. ಬಿಟ್ಟರೆ ತಾನಾಗಿ ಒಳಗೆ ಬರುತ್ತದೆ ಎಂದರು. ನಾನು ಒಳಗೊಳಗೇ ನಕ್ಕೆ. ಈ ಡ್ರಿಲ್ ಮಾಸ್ತರು ನಮಗೆ ಪ್ರಾಣಾಯಾಮ ಹೇಳಿಕೊಡಬೇಕೇ? ಇದು ಮಕ್ಕಳ ಪಾಠ, ನಿಜವಾದದ್ದು ನನಗೆ ಗೊತ್ತಿದೆ.

ಅಂದು ಸಂಜೆಯೇ ಪದ್ಮಾಳನ್ನು ಚಾಪೆಯ ಮೇಲೆ ಕೂರಿಸಿದೆ.

ಹೆಂಗಸರಿಗೆ ಆ ಮಂತ್ರ ಹೇಳಿಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಬಲಗೈಯಲ್ಲಿ ಮೂಗು ಹಿಡಿಯುವುದನ್ನು ತೋರಿಸಿದೆ. ಅವಳು ಉಸಿರು ಹಿಡಿದಿರುವಷ್ಟು ಹೊತ್ತು ಮಂತ್ರದ ಬದಲಿಗೆ ನಾನು ಬೆರಳ ಗೆಣ್ಣಿನಿಂದ ನೆಲ ಕುಟ್ಟುತ್ತಿದ್ದೆ. ಮೊದಲ ದಿನ ನಾಲ್ಕು ಸಲ, ಮಾರನೇ ದಿನ ಆರು.

"ಮಾಸ್ತರು ಹೀಗೇ ಅಂದ್ರಾ?" ಎಂದು ಕೇಳಿದಳು.

"ಹೀಗೇ."

ಆರನೇ ದಿನ ಭಾನುವಾರ. ಬೆಳಿಗ್ಗೆ ಎದ್ದವಳು ಚೆನ್ನಾಗಿಯೇ ಇದ್ದಳು. ಕಾಫಿಗೂ ಮೊದಲೇ ಕೂತರೆ ಒಳ್ಳೆಯದೆಂದು ನಾನೇ ಕೂರಿಸಿದೆ. ಇವತ್ತು ಹದಿನಾರು, ಎಂದೆ. ಹನ್ನೆರಡಕ್ಕೆ ಅವಳ ಕಣ್ಣು ದೊಡ್ಡದಾಯಿತು. ನಾನು ಎಡಗೈ ಎತ್ತಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಸನ್ನೆ ಮಾಡುತ್ತ ಕುಟ್ಟಿದೆ. ಅವಳು ನನ್ನ ಮಾತು ಮೀರಿದವಳಲ್ಲ. ಹದಿನಾರರವರೆಗೂ ಹಿಡಿದಳು.

ಬಿಟ್ಟ ಉಸಿರು ಮತ್ತೆ ಒಳಗೆ ಹೋಗಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅವಳ ತುಟಿಯ ಬಣ್ಣ. ಮಾತ್ರೆಯ ಡಬ್ಬಿ ನನ್ನ ಕೈಯಿಂದ ಜಾರಿ ಮಂಚದ ಕೆಳಗೆ ಹೋದದ್ದು. ಡಾಕ್ಟರ್ ಪೈ ಭಾನುವಾರ ಊರಲ್ಲಿ ಇರಲಿಲ್ಲ. ಪಕ್ಕದ ಖೋಲಿಯ ಶಾಂತಾಬಾಯಿ ಓಡಿ ಬಂದು ಗ್ಯಾಲರಿಯಲ್ಲಿ ನಿಂತು ಕೂಗಿ ಜನ ಸೇರಿಸಿದರು. ನಾಲ್ಕು ಜನ ಗಿರಣಿ ಕೆಲಸಗಾರರು ಅವಳನ್ನು ಕುರ್ಚಿಯ ಸಮೇತ ಕೆಳಗಿಳಿಸಿದರು. ಟ್ಯಾಕ್ಸಿಯಲ್ಲಿ ಅವಳು ಮುಂದಿನ ಸೀಟಿಗೆ ಎರಡೂ ಕೈ ಊರಿ, ಬಾಯಿ ತೆರೆದು ಕೂತಿದ್ದಳು. ಬೆನ್ನು ಸವರಲು ಹೋದರೆ ತಲೆಯಾಡಿಸಿ ಬೇಡ ಎಂದಳು. ಮುಟ್ಟಿದರೂ ಉಸಿರಿಗೆ ಅಡ್ಡಿ.

ಆಸ್ಪತ್ರೆ ಹತ್ತಿರವೇ ಇತ್ತು. ಇಂಜೆಕ್ಷನ್, ಮತ್ತೊಂದು ಇಂಜೆಕ್ಷನ್, ಆಕ್ಸಿಜನ್. ಪರದೆಯ ಆಚೆ ನಾನು ನಿಂತಿದ್ದೆ. ಕೊಂದೆ, ಕೊಂದೆ ಎಂದು ಮನಸ್ಸಿನಲ್ಲಿ ಒಂದೇ ಸಮನೆ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅವಳ ಮುಖಕ್ಕೆ ಬಣ್ಣ ಬಂತು. ಚಿಕ್ಕ ವಯಸ್ಸಿನ ಹೌಸ್ ಸರ್ಜನ್ ಕೇಸ್ ಪೇಪರ್ ಹಿಡಿದು ಬಂದು, ಇದು ಹೇಗೆ ಶುರುವಾಯಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಎಂದು ವಿಚಾರಿಸಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪದ್ಮಾ ಮಾಸ್ಕ್ ಸರಿಸಿ ಹೇಳಿದಳು. "ಶೇಗಡಿ. ಶೇಗಡಿ ಕಾ ಧೂಂವಾ."

ಅವರು ಇದ್ದಿಲ ಒಲೆಯ ಹೊಗೆ ಎಂದು ಬರೆದುಕೊಂಡರು.

ಆ ದಿನ ನಾವು ಶೇಗಡಿ ಹಚ್ಚಿರಲೇ ಇಲ್ಲ.

ನಾನು ತೆರೆದ ಬಾಯಿ ಮುಚ್ಚಿದೆ. ಇದು ನನ್ನ ಎರಡನೇ ತಪ್ಪು. ಮೊದಲನೆಯದಕ್ಕಿಂತ ಇದೇ ದೊಡ್ಡದೆಂದು ನನಗೆ ಈಗ ಅನ್ನಿಸುತ್ತದೆ. ಏಕೆಂದರೆ ಮೊದಲನೆಯದನ್ನು ನಾನು ತಿಳಿಯದೆ ಮಾಡಿದ್ದೆ.

ನಾಲ್ಕು ದಿನ ಬಿಟ್ಟು ಮನೆಗೆ ಕಳಿಸಿದರು. ಕೇಸ್ ಪೇಪರ್ ನೋಡಿ ಡಾಕ್ಟರ್ ಪೈ ಖಡಾಖಂಡಿತವಾಗಿ ಹೇಳಿಬಿಟ್ಟರು. "ಇನ್ನು ಇವರು ಅಡುಗೆಮನೆಗೆ ಕಾಲಿಡ್ಬಾರ್ದು. ಒಲೆಯ ಹತ್ತಿರವೇ ಹೋಗ್ಬಾರ್ದು." ಹೀಗೆ ಅವಳ ಹನ್ನೊಂದು ಹೆಜ್ಜೆಯೂ ಹೋಯಿತು. ಅವಳು ನನ್ನನ್ನು ಉಳಿಸಲು ಹೇಳಿದ ಸುಳ್ಳಿಗೆ ಶಿಕ್ಷೆ ಅವಳಿಗೇ ಆಯಿತು. ದಿನವಿಡೀ ಕಿಟಕಿಯ ಬಳಿಯ ಕುರ್ಚಿ. ಶಾಂತಾಬಾಯಿ ಭಾಕರಿ ರೊಟ್ಟಿ ಬಡಿದು ಕಳಿಸುತ್ತಿದ್ದರು. ನಾನು ಬೆಳಿಗ್ಗೆ ಎದ್ದು ಅನ್ನ ಸಾರು ಬೇಯಿಸಿಟ್ಟು ಆಫೀಸಿಗೆ ಓಡುತ್ತಿದ್ದೆ. ಚಾಳಿನವರೆಲ್ಲ ಎಂಥ ಗಂಡ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ನಾನು ತಿಂದು ಅರಗಿಸಿಕೊಂಡೆ.

ಒಂದು ಸಂಜೆ ಬಂದಾಗ ಅವಳು ಅಡುಗೆಮನೆಯ ಹೊಸ್ತಿಲ ಈಚೆ ಕೂತು ಒಳಗಿನ ಡಬ್ಬಿಗಳನ್ನು ನೋಡುತ್ತಿದ್ದಳು. "ಮೆಂತ್ಯದ ಡಬ್ಬಿ ಎಲ್ಲಿಟ್ಟಿದೀರಿ? ಇಲ್ಲಿಂದ ಕಾಣ್ತಾ ಇಲ್ಲ," ಎಂದಳು. ನನಗೆ ಅಳು ಬಂತು. ಕೈಕಾಲು ತೊಳೆಯುವ ನೆಪದಲ್ಲಿ ಮೋರಿಯ ಬಳಿ ಹೋಗಿ ಅತ್ತೆ.

ಮಾರನೇ ಬೆಳಿಗ್ಗೆ ವಿಲೆ ಪಾರ್ಲೆಗೆ ಹೋದೆ. ಕ್ಲಾಸು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದು, ಎಲ್ಲ ಹೇಳಿದೆ. ಹದಿನಾರರ ಲೆಕ್ಕ, ಮಾಸ್ತರು ಹೀಗೇ ಅಂದರು ಎಂಬ ಸುಳ್ಳು, ಶೇಗಡಿ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ನೀವು ಈಗಲೂ ಹಿಡಿದುಕೊಂಡೇ ನಿಂತಿದ್ದೀರಿ, ಬಿಡಿ ಎಂದರು. ಆಗಲೇ ನನಗೆ ತಿಳಿದದ್ದು. ನಿಜವಾಗಿಯೂ ನಾನು ಉಸಿರು ಬಿಗಿಹಿಡಿದಿದ್ದೆ. ಎಷ್ಟು ಹೊತ್ತಿನಿಂದ, ಎಷ್ಟು ವರ್ಷದಿಂದ ಎಂದು ಹೇಳಲಾರೆ.

ಮುಂದಿನ ಭಾನುವಾರ ಮಾಸ್ತರೇ ನಮ್ಮ ಮನೆಗೆ ಬಂದರು. ಎರಡು ಮಹಡಿ ಹತ್ತಿದರೂ ಆ ಮುದುಕರಿಗೆ ಏದುಸಿರಿಲ್ಲ. ಪದ್ಮಾಳನ್ನು ಗೋಡೆಗೆ ಒರಗಿಸಿ ಕೂರಿಸಿ, ಶಾಂತಾಬಾಯಿಯನ್ನು ಪಕ್ಕದಲ್ಲಿ ಕೂರಿಸಿ, ಹಗುರವಾಗಿ ಹೇಳಿದರು. "ಬೆಹನ್, ಛೋಡೋ. ಆವಾಜ್ ಕೆ ಸಾಥ್ ಛೋಡೋ." ಸದ್ದು ಮಾಡಿ ಬಿಡಬೇಕು. ಹಾ ಎಂದು ತಾವೇ ಬಿಟ್ಟು ತೋರಿಸಿದರು.

ಅವಳಿಂದ ಆಗಲಿಲ್ಲ. ಬಾಯಿ ತೆರೆದಳು, ಸದ್ದು ಬರಲಿಲ್ಲ. ಮತ್ತೆ ತೆರೆದು ನನ್ನ ಕಡೆ ನೋಡಿದಳು. ಮೂರನೇ ಸಲವೂ ನನ್ನ ಕಡೆಯೇ ನೋಡಿದಳು. ಮಾಸ್ತರು ಅದನ್ನು ಗಮನಿಸಿದರು.

"ಆಪ್ ಬಾಹರ್ ಜಾಯಿಯೇ," ಎಂದರು ನನಗೆ.

ನನ್ನ ಮನೆಯಿಂದ ನನ್ನನ್ನೇ ಹೊರಗೆ ಕಳಿಸಿದ್ದಕ್ಕೆ ಸಿಟ್ಟು ಬಂತು. ಆದರೂ ಹೋದೆ. ಬಾಗಿಲು ಮುಚ್ಚಿತು. ಗ್ಯಾಲರಿಯ ಕಟಕಟೆ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಒರಟಾದ, ದೊಡ್ಡ ಸದ್ದು ಕೇಳಿಸಿತು. ಅದು ಪದ್ಮಾಳದೆಂದು ನನಗೆ ಗುರುತೇ ಸಿಗಲಿಲ್ಲ.

ಅವರು ಹೋದ ಮೇಲೆ ಕೇಳಿದೆ. "ನನ್ನೆದುರಿಗೆ ಯಾಕೆ ಆಗ್ಲಿಲ್ಲ?"

ಅವಳು ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು. "ಹೇಳಿದ್ರೆ ಬೇಜಾರು ಮಾಡ್ಕೋತೀರಿ."

"ಹೇಳು."

"ನೀವು ಕೇಳಿಸ್ಕೋತಾ ಇರ್ತೀರಲ್ಲ. ಪೇಪರ್ ಹಿಡ್ಕೊಂಡು ಎಣಿಸ್ತಾ ಇರ್ತೀರಿ, ನಂಗೊತ್ತು. ಒಂಚೂರು ಸದ್ದು ಬಂದ್ರೆ ನಿಮ್ಮ ಮುಖ ಹೇಗೆ ಆಗುತ್ತೆ ಗೊತ್ತಾ? ಅದಕ್ಕೇ ಸಣ್ಣಗೆ, ಸಣ್ಣಗೆ ಆಡ್ತಾ ಆಡ್ತಾ... ನಿಮಗೆ ಕೇಳಿಸ್ದೇ ಇರೋ ಹಾಗೆ ಉಸಿರಾಡಿ ನಂಗೆ ಸಾಕಾಗಿಹೋಗಿದೆ ಅಂದ್ರೆ."

ಆರು ವರ್ಷ.

ಗಿರಣಿಯ ಹೊಗೆ ಇತ್ತು, ಬೂಷ್ಟು ಇತ್ತು, ಕಾಯಿಲೆಯಂತೂ ಇದ್ದೇ ಇತ್ತು. ಅದೆಲ್ಲ ನಾನು ತಂದದ್ದಲ್ಲ. ಆದರೆ ಆ ಸಣ್ಣ ಖೋಲಿಯಲ್ಲಿ ಅವಳಿಗಿದ್ದ ಸ್ವಲ್ಪ ಗಾಳಿಯನ್ನೂ ಅವಳು ನನಗೆ ಹೆದರಿ, ಅಲ್ಲ, ನನ್ನ ಹೆದರಿಕೆಗೆ ಹೆದರಿ ಅರ್ಧವೇ ತೆಗೆದುಕೊಳ್ಳುತ್ತಿದ್ದಳು. ಹೋಗಿ ಅವಳ ಪಕ್ಕದಲ್ಲಿ ಕೂತೆ. ಆಗಲೂ ಕಿವಿ ತನ್ನ ಪಾಡಿಗೆ ಎಣಿಸುತ್ತಲೇ ಇತ್ತು. ಅಭ್ಯಾಸ ಬಿಡುವುದು ಅಷ್ಟು ಸುಲಭವಲ್ಲ.

ಮಾರನೇ ದಿನ ಡಾಕ್ಟರ್ ಪೈಯವರ ಬಳಿ ಹೋಗಿ ನಿಜ ಹೇಳಿದೆ. ಅವರು ಮಾತ್ರ ಬೈದರು. "ಎಂತ ಮಾಡಿದ್ರಿ ಮಾರಾಯ್ರೆ! ಓದಿದವರಾ ನೀವು? ಆಸ್ತಮಾದವರಿಗೆ ಉಸಿರು ಹಿಡಿಸುವುದಾ?" ದವಾಖಾನೆಯ ಬೆಂಚಿನ ಮೇಲಿದ್ದ ಪೇಷಂಟ್‌ಗಳೆಲ್ಲ ಕೇಳಿಸಿಕೊಂಡರು. ಬೈಯಿಸಿಕೊಂಡ ಮೇಲೆ ಕೇಳಿದೆ, ಹಾಗಾದರೆ ಅಡುಗೆಮನೆ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಶೇಗಡಿ ನೀವು ಗ್ಯಾಲರಿಯಲ್ಲಿ ಹಚ್ಚಿ, ಕೆಂಡವಾದ ಮೇಲೆ ಒಳಗಿಡಿ, ಕಿಟಕಿ ತೆರೆದಿಡಿ, ಬೆಳಿಗ್ಗೆ ಒಂದು ಹೊತ್ತು ಮಾತ್ರ ಅವರು ಮಾಡಲಿ ಎಂದರು. ಅಂದು ಮೆಂತ್ಯದ ಡಬ್ಬಿಯನ್ನು ನಾನು ಎಲ್ಲೆಲ್ಲೋ ಇಟ್ಟಿದ್ದಕ್ಕೆ ಅವಳಿಂದಲೂ ಬೈಯಿಸಿಕೊಂಡೆ. ಅದು ಕಿವಿಗೆ ಹಿತವಾಗಿತ್ತು.

ಇದೆಲ್ಲ ಆಗಿ ಐದು ತಿಂಗಳಾಯಿತು. ಅವಳಿಗೆ ಗುಣವಾಯಿತು ಎಂದು ಬರೆಯಲಾರೆ. ಮಾತ್ರೆ ಇದೆ. ಹೋದ ತಿಂಗಳು ಒಂದು ಸಲ ಇಂಜೆಕ್ಷನ್ ಬೇಕಾಯಿತು. ಮಳೆಗಾಲ ಇನ್ನೂ ಮುಂದಿದೆ, ಅದನ್ನು ನೆನೆದರೆ ಭಯವಾಗುತ್ತದೆ. ಆದರೆ ಈಗ ಅವಳು ನಿಂತು ನಿಂತು ಕೆಳಗಿನ ಅಂಗಡಿಯವರೆಗೆ ಹೋಗಿ ಬರುತ್ತಾಳೆ. ನಾನು ವಾರಕ್ಕೆ ಮೂರು ದಿನ ವಿಲೆ ಪಾರ್ಲೆಗೆ ಹೋಗುತ್ತೇನೆ, ಅವಳಿಗಾಗಿ ಅಲ್ಲ, ನನಗಾಗಿ. ಕೈ ಇನ್ನೂ ಕಾಲ್ಬೆರಳಿಗೆ ತಾಗಿಲ್ಲ. ಉಸಿರಿನ ಪಾಠದಲ್ಲಿ ಮಾಸ್ತರು ನನ್ನನ್ನು ಮೊದಲಿನಿಂದ ಕೂರಿಸಿದ್ದಾರೆ. ಪದ್ಮಾ ಮಾತ್ರ ನನ್ನನ್ನು ಮೀರಿ ಎಷ್ಟೋ ಮುಂದೆ ಹೋಗಿದ್ದಾಳೆ. ನನ್ನಿಂದ ಕಲಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾಳೆ.

ದಿನವೂ ಬೆಳಿಗ್ಗೆ ಅರ್ಧ ಗಂಟೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ನಾನೂ ನಳಿನಿಯೂ ಗ್ಯಾಲರಿಯಲ್ಲಿ ಕೂರುತ್ತೇವೆ. ಇವತ್ತು ಒಳಗಿನ ಸದ್ದು ಎಂದಿಗಿಂತ ಜೋರಾಗಿತ್ತು. ಆ ಕೊನೆಯ ಖೋಲಿಯವರಿಗೂ ಕೇಳಿಸುವಷ್ಟು ಉದ್ದನೆಯ, ಒರಟು ಉಸಿರು, ನಡುವೆ ಒಂದು ಕೆಮ್ಮು, ಮತ್ತೆ ಉಸಿರು. ನನ್ನ ಕಾಲು ತಾನಾಗಿ ಎದ್ದು ನಿಂತಿತು. ನಳಿನಿ ನನ್ನ ಮುಖ ನೋಡಿ, ಪಿಸುದನಿಯಲ್ಲಿ ಕೇಳಿದಳು. "ಅಪ್ಪಾ, ಅಮ್ಮ ಸದ್ದು ಮಾಡ್ತಿದಾಳೆ. ಶ್ ಅನ್ಲಾ?"

ನಾನು ಮತ್ತೆ ಕೂತೆ.

"ಮಾಡ್ಲಿ ಬಿಡು ಮಗು," ಎಂದೆ. "ನೀನೂ ಜೋರಾಗಿ ಮಾತಾಡು."